ಹನ್ನೊಂದನೆಯ ಸಾಲಿನವರೆಗೆ

ಏಳು ಸುತ್ತಿನ ಕೋಟೆಯ ಶಂಖದುರ್ಗವು ಫಾಲ್ಗುಣದ ಬಿಸಿಲಿನಲ್ಲಿ ಕಾದ ಹೆಂಚಿನಂತೆ ಹೊಳೆಯುತ್ತಿತ್ತು. ಹೆಬ್ಬಾಗಿಲಿನಿಂದ ಅರಮನೆಯವರೆಗೆ ಏರುತ್ತ ಹೋಗುವ ರಾಜಬೀದಿಯ ಇಕ್ಕೆಲಗಳಲ್ಲಿ ಗಂಧದ ವ್ಯಾಪಾರಿಗಳೂ ಕಂಚುಗಾರರೂ ನೇಕಾರರೂ ತಮ್ಮ ತಮ್ಮ ಚಪ್ಪರಗಳ ನೆರಳಿನಲ್ಲಿ ಕುಳಿತಿದ್ದರು. ಹೊಂಡದಲ್ಲಿ ಮಿಂದು ಮೇಲೆ ಬಂದ ಪಟ್ಟದಾನೆ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ನಡೆದರೆ, ಆ ಒದ್ದೆಯ ಗುರುತು ಅದರ ಬೆನ್ನ ಹಿಂದೆಯೇ ಒಣಗಿ ಮಾಯವಾಗುತ್ತಿತ್ತು. ಒಂಬತ್ತು ವರ್ಷ ಯುದ್ಧ ಕಂಡ ನಗರವದು. ಗಂಡಸರನ್ನು ಕಳೆದುಕೊಂಡು ಸೊರಗಿದ ಕೇರಿಗಳಲ್ಲಿ ಜನ ಗಟ್ಟಿಯಾಗಿ ಮಾತಾಡುವುದನ್ನೇ ಮರೆತಿದ್ದರು.

ಆ ದಿನಗಳಲ್ಲಿ ನಗರದ ಕಣ್ಣೆಲ್ಲ ಅರಮನೆಯ ಕೆಳಗಿನ ದೇವಿಯ ಬನದ ಮೇಲೆ ನೆಟ್ಟಿತ್ತು. ಮೂವತ್ತು ಸಾಲು ಗುಲಾಬಿ ಗಿಡಗಳ ಬನ ಅದು. ಕುಲದೇವತೆ ಶಂಖೇಶ್ವರಿಗೆ ಪ್ರತಿದಿನ ಬೆಳಗಿನ ಮೊದಲ ಹೂವು ಅಲ್ಲಿಂದಲೇ ಹೋಗಬೇಕೆಂಬುದು ಮೂರು ತಲೆಮಾರಿನ ಕಟ್ಟಳೆ. ಆ ಬನದ ಗಿಡಗಳು ಪುಷ್ಯಮಾಸದಿಂದೀಚೆಗೆ ಸಾಯುತ್ತಿದ್ದವು. ಮೊದಲು ಎಲೆ ಬಾಡಿ ಜೋತುಬೀಳುತ್ತಿತ್ತು. ಆಮೇಲೆ ಕೊಂಬೆಯ ತುದಿ ಮಸಿ ಬಳಿದಂತೆ ಕಪ್ಪಾಗಿ, ಆ ಕಪ್ಪು ದಿನದಿನಕ್ಕೂ ಬುಡದ ಕಡೆಗೆ ಇಳಿಯುತ್ತಿತ್ತು. ಕೋಟೆಗೋಡೆಯ ಮೇಲೆ ನಿಂತು ನೋಡಿದವರಿಗೆ ಬನದ ದಕ್ಷಿಣ ಭಾಗವೆಲ್ಲ ಬೆಂಕಿ ಹಾಯ್ದುಹೋದ ಹೊಲದ ಹಾಗೆ ಕಾಣುತ್ತಿತ್ತು.

ಬೆಂಕಿಯಲ್ಲ, ಮಾಟ ಎಂದರು ಜನ. ಮಾಟ ಮಾಡಿದವರ ಹೆಸರನ್ನೂ ಪಿಸುಮಾತಿನಲ್ಲಿ ಹೇಳಿಕೊಂಡರು.

ಆ ಹೆಸರು ಗೌರಾಜಿ ರಾಣಿಯದು. ಒಂಬತ್ತು ವರ್ಷ ಕಾದಾಡಿದ ಹೊಳೆನಾಡಿನ ಅರಸನ ಮಗಳು ಆಕೆ. ಎರಡೂ ಕಡೆ ಹೆಣ ಎತ್ತುವವರು ಇಲ್ಲದಂತಾದಾಗ, ಶಂಖದುರ್ಗದ ಬೊಮ್ಮರಸ ನಾಯಕನಿಗೆ ಅವಳನ್ನು ಧಾರೆಯೆರೆದು ಸಂಧಾನಕ್ಕೆ ನಾಂದಿ ಹಾಡಿದ್ದರು. ಮುಂದಿನ ಯುಗಾದಿಯಂದು ದೇವಿಯ ಸನ್ನಿಧಿಯಲ್ಲಿ ಉಭಯ ರಾಜ್ಯಗಳೂ ಪ್ರಮಾಣ ಮಾಡುವುದು, ಆಮೇಲೆ ಗಡಿಯ ಹೊಳೆಯ ಎರಡು ದಂಡೆಗಳಲ್ಲಿ ಎದುರುಬದುರಾಗಿ ಬೀಡುಬಿಟ್ಟ ಸೈನ್ಯಗಳು ಹಿಂದಿರುಗುವುದು ಎಂದು ಗೊತ್ತಾಗಿತ್ತು. ಹತ್ತೊಂಬತ್ತು ವರ್ಷದ ರಾಣಿಗೆ ಈ ಅರಮನೆಯಲ್ಲಿ ತನ್ನವರೆನ್ನುವವರು ಇರಲಿಲ್ಲ. ದಿನವೂ ಬೆಳಿಗ್ಗೆ ಬನದ ದಕ್ಷಿಣ ಬಾಗಿಲಿನಿಂದ ಬಂದು, ಒಂದು ಸುತ್ತು ತಿರುಗಿ, ಮಾತಿಲ್ಲದೆ ಹಿಂದಿರುಗುತ್ತಿದ್ದಳು. ಗಿಡಗಳು ಕಪ್ಪಾದದ್ದೂ ದಕ್ಷಿಣ ಬಾಗಿಲಿನಿಂದಲೇ.

ಈ ಮಾತನ್ನು ತುಂಬಿದ ಸಭೆಯಲ್ಲಿ ಎತ್ತಿದವನು ದಳವಾಯಿ ಸಿಂಗರಸ.

"ಮಹಾಪ್ರಭು, ನಗರ ಆಡಿಕೊಳ್ಳುತ್ತಿರುವುದನ್ನು ನಾನು ಮುಚ್ಚಿಡಲಾರೆ. ಜೋಯಿಸರು ಇದನ್ನು ಶತ್ರುಗೃಹದ ಅಭಿಚಾರವೆಂದು ನುಡಿದಿದ್ದಾರೆ. ದೇವಿಯ ಹೂವನ್ನೇ ಸುಟ್ಟ ಕೈಯನ್ನು ಪಕ್ಕದಲ್ಲಿಟ್ಟುಕೊಂಡು ದೇವಿಯ ಎದುರು ಪ್ರಮಾಣ ಮಾಡುವುದು ಹೇಗೆ? ರಾಣಿಯವರನ್ನು ಗೌರವದಿಂದಲೇ ತವರಿಗೆ ಕಳುಹಿಸಬಹುದು."

ಕಳುಹಿಸಿದರೆ ಮರುದಿನವೇ ಯುದ್ಧವೆಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೂವತ್ತೈದಕ್ಕೇ ತಲೆ ನರೆತ ಬೊಮ್ಮರಸ ನಾಯಕನು "ಬನ ನೋಡಿಕೊಳ್ಳುವವರು ಯಾರು?" ಎಂದು ಕೇಳಿದನು.

ಕರೆತಂದರು. ಅರವತ್ತೆರಡು ವರ್ಷದ ವೆಂಗಳಯ್ಯ, ಮೊಣಕಾಲವರೆಗೆ ಮಣ್ಣು ಮೆತ್ತಿದ್ದಂತೆಯೇ ಬಂದು ಕೈಮುಗಿದು ನಿಂತನು.

"ಬನಕ್ಕೆ ಏನಾಗಿದೆ, ವೆಂಗಳಯ್ಯ?"

"ಇನ್ನೂ ತಿಳಿದಿಲ್ಲ, ಮಹಾಪ್ರಭು."

"ತಿಳಿದುಕೊ. ಹುಣ್ಣಿಮೆ ಕಳೆದು ಹತ್ತನೆಯ ದಿನ ಇದೇ ಸಭೆಗೆ ಬಂದು ಹೇಳು. ಅಲ್ಲಿಯವರೆಗೆ ಯಾರೂ ಯಾರ ಹೆಸರನ್ನೂ ಎತ್ತಕೂಡದು."

ಇಪ್ಪತ್ತೈದು ದಿನಗಳ ಗಡುವು. ವೆಂಗಳಯ್ಯ ಬನಕ್ಕೆ ಹಿಂದಿರುಗಿ ಬಾವಿಕಟ್ಟೆಯ ಮೇಲೆ ಕುಳಿತನು. ನಲವತ್ತು ವರ್ಷ ದುಡಿದ ಬೆನ್ನು ಈಗೀಗ ಬಗ್ಗಿದರೆ ನೆಟ್ಟಗಾಗಲು ತಕರಾರು ಮಾಡುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಊಟವೂ ನಿದ್ದೆಯೂ ಹೆಸರಿಗೆ ಮಾತ್ರ. ಪೇಟೆಯ ಕೇರಿಯಲ್ಲಿರುವ ಮಗಳು, "ಸಾಕು ಮಾಡಪ್ಪ, ನಮ್ಮ ಮನೆಗೆ ಬಂದುಬಿಡು," ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದಳು. ಈ ಯುಗಾದಿ ಕಳೆಯಲಿ ಎಂದುಕೊಂಡಿದ್ದನು. ಅಷ್ಟರಲ್ಲಿ ಇದು ಬಂತು.

ಮರುದಿನದಿಂದ ಅವನು ಒಂದೊಂದೇ ಅನುಮಾನವನ್ನು ಕೈಗೆತ್ತಿಕೊಂಡನು. ಸತ್ತ ಗಿಡಗಳ ಬುಡ ಅಗೆದು ನೋಡಿದನು. ಬೇರು ತಿನ್ನುವ ಗೊಣ್ಣೆಹುಳು ಇರಲಿಲ್ಲ, ಬೇರು ಬೆಳ್ಳಗೆ, ಗಟ್ಟಿಯಾಗಿಯೇ ಇತ್ತು. ನೀರು ನಿಂತು ಕೊಳೆತದ್ದೋ ಎಂದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದನು, ಮೂಸಿದನು. ಮಣ್ಣು ಹದವಾಗಿತ್ತು. ಯಾರಾದರೂ ಉಪ್ಪುನೀರು ಸುರಿದರೋ ಎಂದು ಬುಡದ ಮಣ್ಣನ್ನು ನಾಲಗೆಗೆ ಮುಟ್ಟಿಸಿದನು. ಅದೂ ಅಲ್ಲ. ಬೇರಿನಿಂದ ಬಂದ ರೋಗವಾಗಿದ್ದರೆ ಕಪ್ಪು ಕೆಳಗಿನಿಂದ ಮೇಲೇರಬೇಕಾಗಿತ್ತು. ಇಲ್ಲಿ ಅದು ಮೇಲಿನಿಂದ ಕೆಳಗಿಳಿಯುತ್ತಿತ್ತು.

ಮೂರನೆಯ ದಿನ ಕೊಂಬೆಗಳ ತೊಗಟೆಯನ್ನು ಉಗುರಿನಿಂದ ಕೆರೆದು ನೋಡುತ್ತ ಹೋದನು. ಕಪ್ಪಿನ ಕೆಳಗೆ ಎರಡು ಬೆರಳಗಲ ಕಂದು, ಅದರ ಕೆಳಗೆ ಜೀವಂತ ಹಸಿರು. ಯಾವ ಗಿಡದಲ್ಲಿ ನೋಡಿದರೂ ಕಪ್ಪು ಮೊದಲಾದದ್ದು ಒಂದೇ ಜಾಗದಿಂದ, ಕಾರ್ತಿಕದಲ್ಲಿ ಅವನೇ ಕತ್ತಿಯಿಂದ ಸವರಿದ ಕೊಂಬೆಯ ತುದಿಯಿಂದ. ಸವರದೆ ಬಿಟ್ಟಿದ್ದ ಎಳೆಯ ಕೊಂಬೆಗಳು, ಅದೇ ಗಿಡದಲ್ಲಿದ್ದರೂ, ಕಪ್ಪು ಬುಡ ಮುಟ್ಟುವವರೆಗೆ ಹಸಿರಾಗಿಯೇ ಇದ್ದವು.

ಅವನು ಎದ್ದು ಸಾಲುಗಳನ್ನು ಲೆಕ್ಕ ಹಾಕುತ್ತ ನಡೆದನು. ದಕ್ಷಿಣ ಬಾಗಿಲಿನ ಮೊದಲನೆಯ ಸಾಲಿನಿಂದ ಹನ್ನೊಂದನೆಯ ಸಾಲಿನವರೆಗೆ ರೋಗ. ಹನ್ನೆರಡನೆಯ ಸಾಲಿನಿಂದ ಮೂವತ್ತರವರೆಗೆ ಒಂದು ಗಿಡಕ್ಕೂ ಸೋಂಕಿಲ್ಲ. ಗೆರೆ ಎಳೆದ ಹಾಗೆ ನಿಂತಿತ್ತು.

ಹನ್ನೊಂದು, ಹನ್ನೆರಡು. ಆ ಎರಡು ಸಾಲುಗಳ ನಡುವೆ ನಿಂತ ವೆಂಗಳಯ್ಯನಿಗೆ ಎಲ್ಲವೂ ನೆನಪಾಯಿತು. ಕಾರ್ತಿಕದಲ್ಲಿ ಹನ್ನೊಂದನೆಯ ಸಾಲು ಮುಗಿಸಿದ ದಿನವೇ ಅವನಿಗೆ ಚಳಿಜ್ವರ ಬಂದಿತ್ತು. ನಾಲ್ಕು ದಿನ ಮಲಗಿದನು. ಎದ್ದ ಮೇಲೆ, ಮೊಂಡಾಗಿದ್ದ ಸವರುಗತ್ತಿಯನ್ನು ಕಮ್ಮಾರನ ಕುಲುಮೆಗೆ ಹಾಕಿಸಿ, ಕೆಂಪಗೆ ಕಾಯಿಸಿ ಬಡಿಸಿ, ಹೊಸ ಬಾಯಿ ಮಾಡಿಸಿಕೊಂಡು ಹನ್ನೆರಡನೆಯ ಸಾಲಿಗೆ ಕೈಹಾಕಿದ್ದನು. ಬೆಂಕಿ ಕಂಡ ಕತ್ತಿ ಮುಟ್ಟಿದ ಗಿಡಗಳು ಬದುಕಿದವು. ಅದಕ್ಕೆ ಮೊದಲು ಅದೇ ಕತ್ತಿ ಮುಟ್ಟಿದವುಗಳು ಸತ್ತವು.

ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತವನು ತಾನೇ.

ಅವನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟನು. ಬನದ ಬಾಗಿಲ ಕಲ್ಲಿನ ಮೇಲೆ ಅರಸರ ಅಜ್ಜನ ಕಾಲದ ಶಾಸನವಿತ್ತು. ಓದು ಬಾರದಿದ್ದರೂ ಅದು ಅವನಿಗೆ ಬಾಯಿಪಾಠ. ದೇವಿಯ ಬನಕ್ಕೆ ಯಾರ ಕೈಯಿಂದ ಕೇಡು ಬರುವುದೋ, ಅರಿತು ಬಂದರೂ ಅರಿಯದೆ ಬಂದರೂ, ಆ ಕೈಯ ಹೆಬ್ಬೆರಳು ಉಳಿಯದು.

ಮೊದಲ ಗಿಡ ಯಾವುದೆಂಬುದೂ ಅವನಿಗೆ ಗೊತ್ತಿತ್ತು. ಅದನ್ನು ನೆನೆದಾಗ ಹೆಬ್ಬೆರಳಿನ ಚಿಂತೆಗಿಂತ ದೊಡ್ಡ ಚಿಂತೆ ಅವನನ್ನು ಹಿಡಿಯಿತು.

ಆದರೂ ತಿಳಿದದ್ದನ್ನು ತೋರಿಸದೆ ಬಾಯಲ್ಲಿ ಹೇಳಿದರೆ ಯಾರೂ ನಂಬರೆಂದು ಅವನು ಅರಸನಲ್ಲಿ ಬಿನ್ನವಿಸಿಕೊಂಡು ಇಬ್ಬರು ಕಾವಲುಗಾರರನ್ನು ಬೇಡಿದನು. ಕೊನೆಯ ಸಾಲಿನ ಎರಡು ನಿರೋಗಿ ಗಿಡಗಳನ್ನು ಕುಂಡಗಳಿಗೆ ಎತ್ತಿ, ಅರಮನೆಯ ಹೊರ ಅಂಗಳದಲ್ಲಿ ಇಡಿಸಿದನು. ಎರಡು ಕತ್ತಿಗಳನ್ನು ತೆಗೆದುಕೊಂಡು, ಒಂದನ್ನು ಕಪ್ಪು ಕೊಂಬೆಯಲ್ಲಿ ಹಾಯಿಸಿ ಒರೆಸದೆ ಮೊದಲನೆಯ ಗಿಡವನ್ನು ಸವರಿದನು. ಇನ್ನೊಂದನ್ನೂ ಅದೇ ಕಪ್ಪು ಕೊಂಬೆಯಲ್ಲಿ ಹಾಯಿಸಿ, ಆಮೇಲೆ ಕೆಂಡದಲ್ಲಿ ಕೆಂಪಾಗುವವರೆಗೆ ಕಾಯಿಸಿ, ಆರಿಸಿ, ಎರಡನೆಯದನ್ನು ಸವರಿದನು. ಹಗಲೂ ಇರುಳೂ ಕಾವಲು ನಿಂತಿತು. ಯಾರಿಗೂ ಅವನು ಕಾರಣ ಹೇಳಲಿಲ್ಲ.

ಆದರೆ ದಳವಾಯಿ ಸಿಂಗರಸ ಮೂರ್ಖನಾಗಿರಲಿಲ್ಲ. ಹುಣ್ಣಿಮೆ ಕಳೆದ ಆರನೆಯ ದಿನ, ನಡು ಮಧ್ಯಾಹ್ನ, ಪರಿವಾರವನ್ನು ಬಾಗಿಲಲ್ಲೇ ಬಿಟ್ಟು ಒಬ್ಬನೇ ಬನದೊಳಗೆ ಬಂದು ಬಾವಿಕಟ್ಟೆಯ ಮೇಲೆ ಕುಳಿತನು. ವೆಂಗಳಯ್ಯ ಎದ್ದು ನಿಲ್ಲಹೋದರೆ, "ಕೂತುಕೊ, ಇಬ್ಬರೂ ಮುದುಕರು," ಎಂದನು.

ಸಿಂಗರಸನು ಕಪ್ಪು ಗಿಡಗಳ ಕಡೆಗೆ ಕೈ ತೋರಿದನು.

"ಅಂಗಳದ ಕುಂಡಗಳನ್ನು ನೋಡಿ ಬಂದೆ. ಒಂದು ತುದಿಯಿಂದ ಕಪ್ಪಾಗುತ್ತಿದೆ. ನೀನು ಏನು ಹೇಳಲಿದ್ದೀಯೆಂದು ಊಹಿಸಬಲ್ಲೆ. ಶಾಸನವೂ ನಿನಗೆ ಗೊತ್ತು."

"ಗೊತ್ತು, ಒಡೆಯ."

"ನಿನ್ನಿಂದ ಸುಳ್ಳು ಹೇಳಿಸುವುದಿಲ್ಲ, ವೆಂಗಳಯ್ಯ. ಮಾಟವೆಂದು ನೀನು ಹೇಳಬೇಕಾಗಿಲ್ಲ. ತಿಳಿಯಲಿಲ್ಲ ಎಂದುಬಿಡು. ಅಷ್ಟು ಸಾಕು. ನಲವತ್ತು ವರ್ಷ ಬನದಲ್ಲಿದ್ದವನಿಗೇ ತಿಳಿಯದ್ದು ಏನೆಂದು ಉಳಿದವರು ತಾವಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ನಿನ್ನ ಕೈ ಉಳಿಯುತ್ತದೆ."

"ಮತ್ತೆ ಯುದ್ಧವಾಗುತ್ತದಲ್ಲ, ಒಡೆಯ."

ಸಿಂಗರಸ ಉತ್ತರೀಯದಿಂದ ಮುಖ ಒರೆಸಿಕೊಂಡನು. "ನನ್ನ ಇಬ್ಬರು ಮಕ್ಕಳೂ ಆ ಹೊಳೆಯ ದಂಡೆಯಲ್ಲೇ ಬಿದ್ದರು. ಹಿರಿಯವನ ಹೆಣ ಸಿಕ್ಕಿತು. ಕಿರಿಯವನದು ನೀರಿನಲ್ಲಿ ಹೋಯಿತು. ಈಗ ಅವರನ್ನು ಕೊಂದವರ ಮನೆಯ ಮಗಳು ನಮ್ಮ ಪಟ್ಟದ ಮಂಚದ ಮೇಲೆ ಕುಳಿತರೆ, ನನ್ನ ಮಕ್ಕಳು ಸತ್ತದ್ದು ಯಾತಕ್ಕೆ? ಇದಕ್ಕೊಂದು ಉತ್ತರ ಹೇಳು, ನಾನು ಎದ್ದುಹೋಗುತ್ತೇನೆ."

ಆತನು ದುಃಖವನ್ನು ನಟಿಸುತ್ತಿಲ್ಲವೆಂದು ವೆಂಗಳಯ್ಯನಿಗೆ ತಿಳಿಯಿತು. "ನನಗೆ ಗಿಡದ ಸಾವಿನ ಕಾರಣ ಗೊತ್ತು, ಒಡೆಯ. ಮಕ್ಕಳದ್ದು ಗೊತ್ತಿಲ್ಲ," ಎಂದನು. ದಳವಾಯಿ ಎದ್ದು ಹೋದನು.

ಹತ್ತನೆಯ ದಿನ ಸಭೆ ಕೂಡಿತು. ಎರಡು ಕುಂಡಗಳನ್ನು ತಂದು ನಡುವೆ ಇರಿಸಿದರು. ಒಂದರ ಕೊಂಬೆಗಳು ಗೇಣುದ್ದ ಕಪ್ಪಾಗಿ ಎಲೆಗಳು ಜೋತುಬಿದ್ದಿದ್ದವು. ಇನ್ನೊಂದು ಸವರಿದ ಗಾಯದ ಕೆಳಗೆ ಕೆಂಪು ಚಿಗುರು ಬಿಟ್ಟಿತ್ತು. ರಾಣಿಯು ಪಕ್ಕದ ಮೊಗಸಾಲೆಯಲ್ಲಿ ಪರದೆಯ ಹಿಂದೆ ಕುಳಿತಿದ್ದಳು.

ವೆಂಗಳಯ್ಯ ಕೈಮುಗಿದು, ನಿಂತು ನಿಂತು, ಬೇರಿನ ವಿಷಯ, ಮಣ್ಣಿನ ವಿಷಯ, ಹನ್ನೊಂದನೆಯ ಸಾಲಿನ ವಿಷಯ, ಕುಲುಮೆಯ ವಿಷಯ ಎಲ್ಲವನ್ನೂ ಹೇಳಿದನು. ಕುಂಡಗಳನ್ನು ತೋರಿಸಿದನು. ಕಾವಲಿನವರು ಸಾಕ್ಷಿ ನುಡಿದರು.

"ರೋಗ ಹೊತ್ತದ್ದು ನನ್ನ ಕತ್ತಿ, ಮಹಾಪ್ರಭು. ಮಾಟವಿಲ್ಲ, ಮಂತ್ರವಿಲ್ಲ."

ಸಭೆ ಉಸಿರು ಬಿಟ್ಟಿತು. ಆಗ ಸಿಂಗರಸನು ಎದ್ದನು.

"ಕತ್ತಿ ಹೊತ್ತಿತು, ಒಪ್ಪಿದೆ. ಎಲ್ಲಿಂದ ಹೊತ್ತಿತು? ಮೊಟ್ಟಮೊದಲು ರೋಗ ಹಿಡಿದಿದ್ದ ಗಿಡ ಯಾವುದು?"

ವೆಂಗಳಯ್ಯ ಹೆದರಿದ್ದು ಈ ಪ್ರಶ್ನೆಗೇ. ಅವನು ತಲೆ ತಗ್ಗಿಸಿದನು. ಪರದೆಯ ಹಿಂದೆ ಬಳೆಗಳ ಸದ್ದಾಯಿತು.

"ಹೇಳು, ವೆಂಗಳಯ್ಯ," ಎಂದನು ಅರಸ.

"ರಾಣಿಯಮ್ಮನವರ ಜೊತೆ ತವರಿನಿಂದ ಹನ್ನೆರಡು ಗುಲಾಬಿ ಗಿಡಗಳು ಬಂದಿದ್ದವು. ಅವುಗಳಲ್ಲಿ ಒಂದು."

ಸಭೆಯಲ್ಲಿ ಗದ್ದಲವೆದ್ದಿತು. "ಕೇಳಿದಿರಾ! ವಿಷ ಬಳುವಳಿಯಲ್ಲೇ ಬಂದಿದೆ!" ಎಂದು ಯಾರೋ ಕೂಗಿದರು. ಸಿಂಗರಸ ಅರಸನ ಮುಖ ನೋಡಿದನು. ಗದ್ದಲ ಅಡಗುವವರೆಗೂ ಕಾದು ವೆಂಗಳಯ್ಯ ಮುಂದುವರಿಸಿದನು. ಅವನ ದನಿ ಸಣ್ಣದಾಗಿತ್ತು. ಕೇಳಿಸಿಕೊಳ್ಳಲು ಹಿಂದಿನವರು ಮುಂದೆ ಬಾಗಬೇಕಾಯಿತು.

"ಹದಿನೆಂಟು ದಿನ ಗಾಡಿಯ ಮೇಲೆ ಬಿಸಿಲು ತಿಂದು ಬಂದ ಗಿಡಗಳವು. ಹನ್ನೊಂದು ಚೆನ್ನಾಗಿದ್ದವು. ಒಂದರ ತುದಿ ಕಪ್ಪಾಗಿತ್ತು. ಎಂಥ ಮನೆಯಿಂದ ಹೊರಟರೂ ದೂರದ ದಾರಿಯಲ್ಲಿ ಒಂದು ಮಗುವಿಗೆ ಜ್ವರ ಬರುವುದಿಲ್ಲವೇ, ಹಾಗೆ. ಅದನ್ನು ಬಾಗಿಲಲ್ಲೇ ಇಳಿಸಿಕೊಂಡವನು ನಾನು. ಕಪ್ಪನ್ನು ಕಂಡವನೂ ನಾನೇ. ಸುಟ್ಟುಬಿಡು ಎಂದು ನನ್ನ ವಿದ್ಯೆ ಹೇಳಿತು. ಆ ಹೊತ್ತಿಗೆ ಸರಿಯಾಗಿ ರಾಣಿಯಮ್ಮ ಬಂದು, ಇದನ್ನು ನನ್ನ ತಾಯಿ ಕೈಯಾರೆ ನೆಟ್ಟದ್ದು, ಬದುಕುತ್ತದೆಯೇ ತಾತ, ಎಂದು ಕೇಳಿದರು. ಬದುಕುತ್ತದೆ ತಾಯಿ, ಎಂದೆ. ಸುಡಲು ಮನಸ್ಸು ಬರಲಿಲ್ಲ. ಮೊದಲನೆಯ ಸಾಲಿನಲ್ಲಿ ನೆಟ್ಟೆ. ಕಾರ್ತಿಕದಲ್ಲಿ ಮೊದಲು ಅದನ್ನೇ ಸವರಿ, ಕತ್ತಿ ಒರೆಸದೆ ಪಕ್ಕದ ಗಿಡಕ್ಕೆ ಹೋದೆ. ಆ ಹನ್ನೆರಡರಲ್ಲಿ ಉಳಿದವುಗಳನ್ನು ಕೊನೆಯ ಸಾಲಿನಲ್ಲಿ ನೆಟ್ಟಿದ್ದೇನೆ; ಯಾರು ಬೇಕಾದರೂ ಹೋಗಿ ನೋಡಬಹುದು, ಒಂದಕ್ಕೂ ರೋಗವಿಲ್ಲ. ಈ ಕುಂಡದಲ್ಲಿ ಚಿಗುರಿರುವುದೂ ಅವುಗಳಲ್ಲೇ ಒಂದು. ವಿಷ ಕಳುಹಿಸುವವರು ಹನ್ನೆರಡರಲ್ಲೂ ಕಳುಹಿಸುತ್ತಿದ್ದರು, ಮಹಾಪ್ರಭು. ತಪ್ಪು ಗಿಡದ್ದಲ್ಲ. ರೋಗ ಕಂಡೂ ಸುಮ್ಮನಿದ್ದ ಕೈಯದು."

ಹಿರಿಯ ಮಂತ್ರಿಯೊಬ್ಬರು ಎದ್ದುಹೋಗಿ ಕೊನೆಯ ಸಾಲನ್ನು ಕಣ್ಣಾರೆ ನೋಡಿಬಂದು, ಮಾತು ನಿಜವೆಂದರು.

"ಅಭಿಚಾರದ ಮಾತು ಇಲ್ಲಿಗೆ ಮುಗಿಯಿತು," ಎಂದನು ಬೊಮ್ಮರಸ ನಾಯಕ. "ಯುಗಾದಿಯ ಪ್ರಮಾಣ ನಡೆಯುತ್ತದೆ. ವೆಂಗಳಯ್ಯ, ನಿನ್ನದು ದಯೆಯಿಂದ ಆದ ತಪ್ಪು. ಇದನ್ನು ನಾವು ಕ್ಷಮಿಸಿದ್ದೇವೆ."

"ಬೇಡ, ಮಹಾಪ್ರಭು."

ಅರಸನು ಅರ್ಥವಾಗದೆ ನೋಡಿದನು.

"ಇವತ್ತು ನನ್ನನ್ನು ಕ್ಷಮಿಸಿದರೆ, ರಾಣಿಯನ್ನು ಉಳಿಸಲು ಮುದುಕ ಕತೆ ಕಟ್ಟಿದ, ಅದಕ್ಕೇ ಅವನ ಬೆರಳು ಉಳಿಯಿತು ಎಂದು ನಾಳೆ ಬೀದಿ ಆಡಿಕೊಳ್ಳುತ್ತದೆ. ನನ್ನ ಮಾತು ಕೊಂಡ ಮಾತಾಗುತ್ತದೆ. ಇನ್ನು ನಾಲ್ಕು ತಿಂಗಳಿಗೆ ಇದೇ ಪುಕಾರು ಮತ್ತೆ ಏಳುತ್ತದೆ. ಹೆಬ್ಬೆರಳು ಹೋದ ಕೈಯನ್ನು ಕಂಡರೆ ಯಾರೂ ಹಾಗೆನ್ನಲಾರರು. ನನಗೂ ದಣಿವಾಗಿದೆ. ಶಾಸನದಂತೆ ನಡೆಯಲಿ."

ಅರಸನು ಮಂತ್ರಿಗಳತ್ತ ನೋಡಿದನು. ಅಲ್ಲವೆನ್ನುವವರು ಯಾರೂ ಇರಲಿಲ್ಲ. ಅವನು ಮುಖದ ಮೇಲೆ ಕೈಯಿಟ್ಟುಕೊಂಡು, ಹಾಗೆಯೇ ತಲೆಯಾಡಿಸಿದನು.

ಮರುದಿನ ಮುಂಜಾನೆ ಅರಮನೆಯ ಹೊರ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ತಳವಾರನು ಮರದ ದಿಮ್ಮಿ ಇಟ್ಟು, ಗಾಯಕ್ಕೆ ಹುಯ್ಯಲು ಎಣ್ಣೆ ಕಾಯಿಸಿಕೊಂಡು ನಿಂತಿದ್ದನು. ವೆಂಗಳಯ್ಯ ದಿಮ್ಮಿಯ ಪಕ್ಕದಲ್ಲಿ ಕುಳಿತು ಬಲಗೈಯನ್ನು ಮುಂದಿಡುವಷ್ಟರಲ್ಲಿ ಗುಂಪು ಇಬ್ಭಾಗವಾಯಿತು. ಪಲ್ಲಕ್ಕಿಯಿಲ್ಲದೆ, ದಾಸಿಯರಿಲ್ಲದೆ, ಗೌರಾಜಿ ರಾಣಿ ನಡೆದುಬಂದಳು. ಹೆತ್ತ ತಂದೆಯ ಬಳಿ ಮಗಳು ನಿಲ್ಲುವಂತೆ ಅವನ ಎಡಗಡೆ ನಿಂತು, ಅವನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಕೊಡಲಿ ಬಿದ್ದಾಗಲೂ ಅವಳು ಮುಖ ತಿರುಗಿಸಲಿಲ್ಲ.

ವೆಂಗಳಯ್ಯ ಕೂಗಲಿಲ್ಲ, ಒಳಗೆಲ್ಲೋ ಮರ ಮುರಿದಂತೆ ಒಂದು ನರಳಾಟ ಮಾತ್ರ ಬಂತು. ಎಣ್ಣೆ ಹುಯ್ದ ಮೇಲೆ ಗಾಯಕ್ಕೆ ಕಟ್ಟಲು ತಳವಾರನು ಅರಿವೆ ಹುಡುಕುತ್ತಿದ್ದಾಗ, ದಳವಾಯಿ ಸಿಂಗರಸನು ಗುಂಪಿನಿಂದ ಮುಂದೆ ಬಂದು, ಮೊಣಕಾಲೂರಿ, ಹೆಗಲ ಮೇಲಿನ ಉತ್ತರೀಯವನ್ನು ಹರಿದು ತಾನೇ ಕಟ್ಟತೊಡಗಿದನು. ರಾಣಿಯು ಬಾಗಿ ಬಟ್ಟೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗಂಟು ಬಿಗಿದ ಮೇಲೆ ಅವನು, "ಬಹಳ ನೋವೇ?" ಎಂದು ಕೇಳಿದನು.

"ಆಗುತ್ತಿದೆ, ಒಡೆಯ," ಎಂದನು ವೆಂಗಳಯ್ಯ. ಆಮೇಲೆ ರಾಣಿಯ ಕಡೆ ತಿರುಗಿ, "ಬಿಸಿಲಿಗೆ ಕಲ್ಲು ಕಾಯುತ್ತಿದೆ, ತಾಯಿ. ಬರಿಗಾಲಲ್ಲಿ ನಿಂತಿದ್ದೀರಿ. ಒಳಗೆ ನಡೆಯಿರಿ," ಎಂದನು.

ಯುಗಾದಿಯಂದು ದೇವಿಯ ಎದುರು ಪ್ರಮಾಣ ನಡೆಯಿತು. ಹಿಂದಿರುಗುವ ಆಜ್ಞೆಯನ್ನು ಬರೆಸಿ ಗಡಿಗೆ ಕಳುಹಿಸಿದವನು ದಳವಾಯಿ ಸಿಂಗರಸನೇ. ಅದಾದ ಮೇಲೆ ಅವನು ಮುದ್ರೆಯನ್ನು ಅರಸನಿಗೊಪ್ಪಿಸಿ, ಮಕ್ಕಳು ಬಿದ್ದ ಹೊಳೆಯ ದಂಡೆಗೆ ಹೋಗಿ ನೆಲಸಿದನೆಂದು ಹೇಳುತ್ತಾರೆ. ಒಂಬತ್ತು ದಿನಗಳ ತರುವಾಯ ಗಡಿಯಲ್ಲಿದ್ದ ಸೈನ್ಯವು ಹಿಂದಿರುಗಿ ನಗರವನ್ನು ಹೊಕ್ಕಿತು. ಕಹಳೆ ಮೊಳಗಿತು. ಹೆಂಗಸರು ಬೀದಿಗಿಳಿದು, ಸಾಲಿನಲ್ಲಿ ಬರುವ ಒಂದೊಂದು ಮುಖವನ್ನೂ ಹುಡುಕುತ್ತ ಓಡಿದರು, ಅತ್ತರು, ನಕ್ಕರು.

ಪೇಟೆಯ ಕೇರಿಯ ಒಂದು ಮನೆಯ ಜಗಲಿಯಲ್ಲಿ, ಕೈಗೆ ಬಟ್ಟೆ ಸುತ್ತಿದ ಮುದುಕನೊಬ್ಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನು. ಎಷ್ಟೋ ದಿನಗಳ ಮೇಲೆ ಅವನಿಗೆ ನಿದ್ದೆ ಹತ್ತಿತ್ತು. ಅವನ ಮಗಳು ಬೀದಿಗೆ ಬಂದು, ಹಾಡುತ್ತ ಬರುತ್ತಿದ್ದ ಸೈನಿಕರಿಗೆ ಕೈಮುಗಿದು, "ನಮ್ಮಪ್ಪ ಈಗ ತಾನೇ ನಿದ್ದೆ ಹೋಗಿದ್ದಾನೆ ಅಣ್ಣಗಳಿರಾ, ಒಂದಿಷ್ಟು ಮೆಲ್ಲಗೆ ಹೋಗಿ," ಎಂದು ಬೇಡಿಕೊಂಡಳು. ಅವರು ಯಾರ ಮನೆಯೆಂದು ಕೇಳಲಿಲ್ಲ. ಹಾಡು ನಿಲ್ಲಿಸಿ, ಮೆಟ್ಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಆ ಬಾಗಿಲನ್ನು ದಾಟಿದರು.